ಕಥೆ ಮಗುವಿಗೆ ಅರ್ಥವಾಯಿತೇ?



ಮಕ್ಕಳಿಗೆ ಕಥೆ ಓದಿಸಿದ ಮೇಲೆ ನಾವು ಕೇಳುವುದು ಒಂದೇ, "ನೀತಿ ಏನು?" ಅವರು ಬಾಯಿಪಾಠದ ಉತ್ತರ ಒಪ್ಪಿಸುತ್ತಾರೆ. ಕಥೆ ಒಳಗಿಳಿಯಿತೇ ಎಂಬುದು ಅದರಿಂದ ತಿಳಿಯದು.

ಪೈಠಣದ ಕಥೆಯನ್ನೇ ತೆಗೆದುಕೊಳ್ಳೋಣ. ಅದು ಸಾತವಾಹನರ ಪ್ರತಿಷ್ಠಾನ. ಸೋಮದೇವನ 'ಕಥಾಸರಿತ್ಸಾಗರ' ಹೇಳುವಂತೆ, ಗುಣಾಢ್ಯ ಪೈಶಾಚಿ ಭಾಷೆಯಲ್ಲಿ 7 ಲಕ್ಷ ಶ್ಲೋಕಗಳ 'ಬೃಹತ್ಕಥೆ' ಬರೆದ. ಪೈಶಾಚಿ ಭಾಷೆ, ಅದೂ ರಕ್ತದಲ್ಲಿ ಬರೆದದ್ದು ಎಂದು ರಾಜ ತಳ್ಳಿದ. ಗುಣಾಢ್ಯ ಒಂದೊಂದೇ ಎಲೆ ಓದಿ ಬೆಂಕಿಗೆ ಹಾಕಿದ. ಕಾಡಿನ ಪ್ರಾಣಿಗಳು ಮೇವು ಮರೆತು ಕೇಳಿ ಸೊರಗಿದವು. ಆ ಒಣ ಮಾಂಸ ತಿಂದು ರಾಜ ಕಾಯಿಲೆಬಿದ್ದ. ಕಾರಣ ಹುಡುಕಿ ಬಂದಾಗ ಉಳಿದದ್ದು 1 ಲಕ್ಷ. ನಮ್ಮ ದುರ್ಗಸಿಂಹ 11ನೇ ಶತಮಾನದಲ್ಲಿ ಕನ್ನಡ 'ಪಂಚತಂತ್ರ' ಬರೆದಾಗ ನೆನೆದದ್ದೂ ಈ ಗುಣಾಢ್ಯನನ್ನೇ.

ಈಗ ಹೀಗೆ ಕೇಳಿ:

ಕಥಾವಸ್ತು: ರಾಜನ ಕಾಯಿಲೆಗೂ ಗುಣಾಢ್ಯನ ಓದಿಗೂ ಏನು ಸಂಬಂಧ?
ಪಾತ್ರ: ರಾಜ ಎಲ್ಲಿ ಬದಲಾದ?
ಸ್ಥಳ: ಅರಮನೆಯಲ್ಲೇ ಓದಿದ್ದರೆ ಏನಾಗುತ್ತಿತ್ತು?
ನಿರೂಪಣೆ: ಜಿಂಕೆ ಹೇಳಿದರೆ ಕಥೆ ಎಲ್ಲಿಂದ ಶುರುವಾಗುತ್ತದೆ?
ಆಶಯ: ನಿಜವಾಗಿ ಸೋತವರು ಯಾರು?

ಉತ್ತರ ಯಾವುದೇ ಇರಲಿ, ಕಥೆಯಿಂದ ಒಂದು ಆಧಾರ ತೋರಿಸಿದರೆ ಅಂಕ ಕೊಡಿ.

ಕೊನೆಯ ಮಾತು. ಮಗು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದರೂ ತಿಳಿವಳಿಕೆಗೆ ಪೂರ್ಣ ಅಂಕ ಸಿಗಲಿ. ಭಾಷೆಯ ಅಂಕಕ್ಕೆ ಬೇರೆ ಕಾಲಂ ಇರಲಿ. ಭಾಷೆ ನೋಡಿ ಕಥೆ ತಳ್ಳಿದ ರಾಜ 6 ಲಕ್ಷ ಶ್ಲೋಕ ಕಳೆದುಕೊಂಡ. ನಾವು ಕನ್ನಡದ ಮಕ್ಕಳನ್ನು ಕಳೆದುಕೊಳ್ಳುವುದು ಬೇಡ.