ಕೂದಲುಳ್ಳ ದೊಡ್ಡ ಜೇಡ: ಭಯವೂ ಬೇಡ, ಸಲಿಗೆಯೂ ಬೇಡ

(ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಭಾಷಣದ ಪಾಠ)



ಜೇಡದ ವಿಷಯ ಮಾತನಾಡಲು ನಿಂತಾಗ, ಇದು ನಮ್ಮ ಬೇಸಾಯಕ್ಕೆ ಸಂಬಂಧಪಟ್ಟದ್ದೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ, ಹೆಬ್ಬಗೋಡಿ, ಬೊಮ್ಮಸಂದ್ರ, ಪೀಣ್ಯದ ಆಚೆಯ ದಾಸನಪುರ, ಈ ಕಡೆಯ ಊರುಗಳು ಹೇಗೆ ಬದಲಾಗಿವೆ ಎಂಬುದನ್ನು ತಾವೆಲ್ಲರೂ ಕಣ್ಣಾರೆ ಕಂಡಿದ್ದೀರಿ. ರಾಗಿ ಹೊಲವಿದ್ದ ಜಾಗದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೀರಿ. ಉಳಿದ ತುಂಡು ಭೂಮಿಯಲ್ಲಿ ತರಕಾರಿ, ಹೂವು, ನಾಲ್ಕು ತೆಂಗು, ಒಂದು ಹಳೆಯ ಹುಣಸೆಮರ ಇಟ್ಟುಕೊಂಡಿದ್ದೀರಿ. ಬಾಡಿಗೆಗೆ ಬಂದವರಲ್ಲಿ ನಾಯಿ ಸಾಕುವವರಿದ್ದಾರೆ, ಮೀನು ಸಾಕುವವರಿದ್ದಾರೆ. ಟರಾಂಟುಲಾ ಎಂಬ ಕೂದಲುಳ್ಳ ದೊಡ್ಡ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸವೂ ನಗರಗಳಲ್ಲಿ ಬೆಳೆದಿದೆ. ಬಾಡಿಗೆದಾರ ಮನೆ ಖಾಲಿ ಮಾಡುವಾಗ ಅಂಥದೊಂದು ಪೆಟ್ಟಿಗೆಯನ್ನು ಬಿಟ್ಟುಹೋದರೆ ಏನು ಮಾಡುತ್ತೀರಿ? ಕೈ ಹಾಕುತ್ತೀರಾ, ಹೊಡೆದು ಕೊಲ್ಲುತ್ತೀರಾ, ತೋಟಕ್ಕೆ ಬಿಡುತ್ತೀರಾ? ಈ ಮೂರೂ ತಪ್ಪು. ಏಕೆಂಬುದನ್ನು ಒಂದೊಂದಾಗಿ ನೋಡೋಣ.

ಗುರುತು ಮತ್ತು ಸ್ವಭಾವ

ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡವೇ ಬೇರೆ, ಇದೇ ಬೇರೆ. ಇದರ ಮೈಯೆಲ್ಲ ಕೂದಲು. ದೊಡ್ಡ ಜಾತಿಗಳಲ್ಲಿ ಕಾಲು ಚಾಚಿದರೆ ಅಂಗೈಯಷ್ಟು ಅಗಲವಾಗುತ್ತದೆ. ಹಾರುವ ಹುಳುಗಳಿಗೆ ಬಲೆ ಬೀಸುವುದಿಲ್ಲ; ಬಿಲದಲ್ಲೋ ಮರದ ಪೊಟರೆಯಲ್ಲೋ ಅಡಗಿ ಕುಳಿತು, ರಾತ್ರಿ ಹೊತ್ತು ಹತ್ತಿರ ಸುಳಿಯುವ ಜಿರಳೆ, ಮಿಡತೆಗಳನ್ನು ಹಿಡಿದು ತಿನ್ನುತ್ತದೆ. ಆ ಮಟ್ಟಿಗೆ ರೈತನಿಗೆ ಉಪಕಾರಿಯೇ. ಹೆಣ್ಣು ಜೇಡ ಹತ್ತು ಹದಿನೈದು ವರ್ಷ ಬದುಕುವುದುಂಟು. ಗಂಡಿನ ಆಯುಸ್ಸು ಬಹಳ ಕಡಿಮೆ.

ಸಾಕುವವರ ಬಳಿ ಇರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮೆಕ್ಸಿಕೊ, ಚಿಲಿ ಮುಂತಾದ ಅಮೆರಿಕ ಖಂಡದ ದೇಶಗಳ ಜೇಡ. ಇವುಗಳಲ್ಲಿ ಬಹುಪಾಲು ನಿಧಾನ ಸ್ವಭಾವದವು, ವಿಷವೂ ಸೌಮ್ಯ. ಆದರೆ ಬೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಸಣ್ಣ ಮುಳ್ಳುಕೂದಲನ್ನು ಕೆರೆದು ಗಾಳಿಗೆ ಹಾರಿಸುತ್ತವೆ. ಅದು ಚರ್ಮಕ್ಕೆ ತಗುಲಿದರೆ ತುರಿಕೆ. ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ತೊಂದರೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2009ರಲ್ಲಿ ಜೇಡದ ಪೆಟ್ಟಿಗೆ ತೊಳೆಯುತ್ತಿದ್ದ ಒಬ್ಬನ ಕಣ್ಣಿಗೆ ಇಂಥ ಕೂದಲು ಹೊಕ್ಕಿತ್ತು. ಕೀಳಲಾಗದಷ್ಟು ಸಣ್ಣ ಕೂದಲಾದ್ದರಿಂದ ವೈದ್ಯರು ಕಣ್ಣಿನ ಹನಿಗಳಿಂದಲೇ ಚಿಕಿತ್ಸೆ ನಡೆಸಬೇಕಾಯಿತು.

ಎರಡನೆಯದು ನಮ್ಮ ದೇಶದ್ದೇ ಜೇಡ. ಇದಕ್ಕೆ ಹಾರಿಸುವ ಕೂದಲಿಲ್ಲ; ಬದಲಿಗೆ ಓಟವೂ ಜೋರು, ವಿಷವೂ ಜೋರು. ಮರದ ಪೊಟರೆಯಲ್ಲಿ ವಾಸಿಸುವ ಪೊಯೆಸಿಲೊಥೀರಿಯ ಎಂಬ ಕುಲದ ಜೇಡಗಳು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇವೆ. ನಮ್ಮ ರಾಜ್ಯದಲ್ಲಿ ಸಿಗುವ ಒಂದು ಜಾತಿಯನ್ನು ಹೊರದೇಶಗಳ ಹವ್ಯಾಸಿಗಳು ಮೈಸೂರಿನ ಹೆಸರಿಟ್ಟೇ ಕರೆಯುತ್ತಾರೆ. ನೆರೆಯ ಆಂಧ್ರದ ಗುತ್ತಿಯ ಹೆಸರಿನ ನೀಲಿ ಜೇಡವೂ ಈ ಕುಲದ್ದೇ. 1899ರಲ್ಲಿ ಮೊದಲು ವರ್ಣಿಸಲಾದ ಅದು ನೂರು ವರ್ಷ ಕಾಣದೆ, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ ಮತ್ತೆ ಸಿಕ್ಕಿತು. ಈಗ ಅದು ಅಳಿವಿನ ಅಂಚಿನಲ್ಲಿದೆ.

ಸಾಕುವವರು ಪಾಲಿಸಬೇಕಾದ ಎಚ್ಚರಿಕೆ

ಈ ಜೇಡ ಕೈಗೆತ್ತಿ ಮುದ್ದಿಸುವ ಪ್ರಾಣಿಯಲ್ಲ. ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಜೇಡಕ್ಕೂ ಅಪಾಯ, ಹಿಡಿದವನಿಗೂ ಅಪಾಯ. ಅದರ ಹೊಟ್ಟೆ ಬಹು ಮೃದು. ಸೊಂಟದೆತ್ತರದಿಂದ ಬಿದ್ದರೂ ಒಡೆದು ಸಾಯಬಹುದು. ನಿಮ್ಮ ಬಾಡಿಗೆದಾರರಿಗೆ ಈ ಮಾತುಗಳನ್ನು ತಿಳಿಸಿ:

1. ಪೆಟ್ಟಿಗೆಯ ಮುಚ್ಚಳಕ್ಕೆ ಚಿಲಕವಿರಲಿ. ಮಕ್ಕಳ ಕೈಗೆ, ನಾಯಿ-ಬೆಕ್ಕಿನ ಮೂತಿಗೆ ಎಟುಕದಿರಲಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಟರಾಂಟುಲಾ ಕಚ್ಚಿ ನಾಯಿಗಳು ಒಂದೆರಡು ಗಂಟೆಯಲ್ಲೇ ಸತ್ತ ದಾಖಲೆಗಳಿವೆ. ಅದೇ ಜೇಡಗಳು ಕಚ್ಚಿದ ಮನುಷ್ಯರಿಗೆ ಅಂಥ ಅಪಾಯವಾಗಿಲ್ಲ.

2. ಪೆಟ್ಟಿಗೆ ಶುಚಿ ಮಾಡುವ ಮುನ್ನ ಜೇಡವನ್ನು ಬೇರೆಡೆ ಇಡಬೇಕು. ಅದರ ಮೇಲೆ ಅಗಲ ಬಾಯಿಯ ಪಾರದರ್ಶಕ ಡಬ್ಬಿ ಮಗುಚಿ, ಅಡಿಯಲ್ಲಿ ಗಟ್ಟಿ ರಟ್ಟು ಜಾರಿಸಿ ಮುಚ್ಚಬೇಕು. ಡಬ್ಬಿಯೊಳಕ್ಕೆ ಸರಿಸಲು ಉದ್ದ ಹಿಡಿಯ ಮೆತ್ತನೆಯ ಬಣ್ಣದ ಕುಂಚ ಸಾಕು. ನೆಲದ ಮೇಲೆ, ಕೋಣೆಯ ಬಾಗಿಲು ಹಾಕಿ ಈ ಕೆಲಸ ಮಾಡಬೇಕು.

3. ಹಳೆಯ ಆಹಾರವನ್ನು ಉದ್ದ ಇಕ್ಕಳದಿಂದ ತೆಗೆಯಬೇಕು. ಮುಖವನ್ನು ಪೆಟ್ಟಿಗೆಯ ಮೇಲೆ ಬಾಗಿಸಬಾರದು. ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವವರೆಗೆ ಕಣ್ಣು ಮುಟ್ಟಬಾರದು.

4. ಜೇಡ ಮುಂಗಾಲು ಎತ್ತಿ ನಿಂತರೆ ಅದು ಎಚ್ಚರಿಕೆ, ಅಲ್ಲಿಗೆ ಬಿಡಬೇಕು. ಬೆನ್ನಡಿಯಾಗಿ ಮಲಗಿದ್ದರೆ ಸತ್ತಿದೆಯೆಂದು ಎಸೆಯಬಾರದು. ಬಹುಶಃ ಪೊರೆ ಬಿಡುತ್ತಿದೆ. ಆಗ ಮುಟ್ಟುವುದೂ ಬೇಡ, ಆಹಾರ ಹಾಕುವುದೂ ಬೇಡ.

5. ಔಷಧಿ ಸಿಂಪಡಿಸಿದ ಹೊಲದ ಮಿಡತೆಯನ್ನು ಆಹಾರವಾಗಿ ಕೊಡಬಾರದು. ಜಿರಳೆಗೆ ಹೊಡೆಯುವ ಔಷಧಿ ಜೇಡವನ್ನೂ ಕೊಲ್ಲುತ್ತದೆ.

ತೋಟದಲ್ಲಿ ಎಚ್ಚರಿಕೆ

ಬದುವಿನ ಬಿಲ, ಮರದ ಪೊಟರೆ, ಸೌದೆ ರಾಶಿ, ಜೋಡಿಸಿಟ್ಟ ಇಟ್ಟಿಗೆ, ತೆಂಗಿನ ಗರಿ, ಇವುಗಳೊಳಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ಅಲುಗಿಸಿ ನೋಡಿ. ಜೇಡ ಇರುವಂಥ ಜಾಗದಲ್ಲೇ ಚೇಳೂ ಹಾವೂ ಇರುತ್ತವೆ. ರಾತ್ರಿ ನೀರು ಕಟ್ಟಲು ಹೋಗುವಾಗ ಟಾರ್ಚು, ಮೊಣಕಾಲುದ್ದದ ಬೂಟು ಮರೆಯಬೇಡಿ.

ಕಚ್ಚಿದರೆ ಏನಾಗುತ್ತದೆ?

ಟರಾಂಟುಲಾ ಕಚ್ಚಿ ಮನುಷ್ಯ ಸತ್ತನೆಂಬುದಕ್ಕೆ ದೃಢಪಟ್ಟ ದಾಖಲೆ ಇಲ್ಲ. ಈ ಮಾತನ್ನು ಚೆನ್ನಾಗಿ ನೆನಪಿಡಿ. ಹಾಗೆಂದು ನಮ್ಮ ದೇಶದ ಮರಜೇಡದ ಕಡಿತವನ್ನು ಹಗುರವಾಗಿ ಕಾಣುವಂತಿಲ್ಲ. ಸ್ವಿಟ್ಜರ್ಲೆಂಡಿನ ತಜ್ಞರು ಇಂಥ 26 ಕಡಿತಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಕಚ್ಚಿದೊಡನೆ ನೋವು, ಊತ ಬಂದರೂ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಸುಮಾರು 10 ಗಂಟೆಗಳ ನಂತರ ಮೈಯಲ್ಲಿ ಸ್ನಾಯು ಸೆಳೆತ ಕಾಣಿಸಿಕೊಂಡಿತ್ತು. ಕೆಲವರಲ್ಲಿ ಈ ಸೆಳೆತ ದಿನಗಟ್ಟಲೆ, ವಾರಗಟ್ಟಲೆ ಮರುಕಳಿಸಬಹುದು. ಆದ್ದರಿಂದ ಸಂಜೆಯ ಹೊತ್ತಿಗೆ ನೋವು ಇಳಿಯಿತೆಂದು ಸುಮ್ಮನಾಗಬಾರದು. ಒಂದು ದಿನ ಪೂರ್ತಿ ಗಮನವಿಡಬೇಕು.

ಪ್ರಥಮ ಚಿಕಿತ್ಸೆ

ಗಾಯವನ್ನು ಸೋಪು ನೀರಿನಿಂದ ತೊಳೆಯಿರಿ. ಊತ ಏರುವ ಮೊದಲೇ ಉಂಗುರ, ಬಳೆ, ಗಡಿಯಾರ ಬಿಚ್ಚಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟು ತೆಗೆಯಿರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಬಹಳ ಕಾಲವಾಗಿದ್ದರೆ ವೈದ್ಯರಲ್ಲಿ ಕೇಳಿ. ಸ್ನಾಯು ಸೆಳೆತ, ಎದೆನೋವು, ಉಸಿರಾಟದ ತೊಂದರೆ, ಮುಖದ ಊತ, ಮೈಯೆಲ್ಲ ದದ್ದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಡಿಸಿಕೊಂಡವರು ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾದರೆ ಕಾಯದೆ ಕರೆದೊಯ್ಯಿರಿ. ಕಣ್ಣಿಗೆ ಕೂದಲು ಹೊಕ್ಕಿದ್ದರೆ ಉಜ್ಜದೆ ಧಾರಾಳ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಗಾಯ ಕೊಯ್ಯುವುದು, ರಕ್ತ ಹೀರುವುದು, ಹಗ್ಗ ಬಿಗಿಯುವುದು, ಸುಣ್ಣವನ್ನೋ ಸೀಮೆಎಣ್ಣೆಯನ್ನೋ ಹಚ್ಚುವುದು, ಇವು ಯಾವುವೂ ಬೇಡ. 2012ರ ಮೇ ತಿಂಗಳಲ್ಲಿ ಅಸ್ಸಾಮಿನ ಸದಿಯಾ ಪ್ರದೇಶದಲ್ಲಿ ದೊಡ್ಡ ಜೇಡಗಳು ಕಚ್ಚಿ ಇಬ್ಬರು ಸತ್ತರೆಂಬ ಸುದ್ದಿ ಹಬ್ಬಿ ಜನ ತಲ್ಲಣಗೊಂಡರು. ಕಡಿಸಿಕೊಂಡವರು ಮೊದಲು ಹೋದದ್ದು ನಾಟಿ ವೈದ್ಯರ ಬಳಿಗೆ. ಅಲ್ಲಿ ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹರಿಸಿದ್ದರು. ಸಾವಿಗೆ ಜೇಡದ ವಿಷವೇ ಕಾರಣವೆಂದು ಕೊನೆಗೂ ದೃಢಪಡಲಿಲ್ಲ. ಕೊಯ್ದ ಗಾಯ ನಂಜಾಗುವ ಅಪಾಯವಂತೂ ಇದ್ದೇ ಇದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು

ರೈತ ಬಾಂಧವರೇ, ನಾನು ಹೇಳಬೇಕೆಂದಿರುವ ಮಾತು ಇದು. ಜೇಡ ಕಚ್ಚಿದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಜೇಡ ಎನ್ನಿ. ಕತ್ತಲಲ್ಲಿ ಏನೋ ಚುಚ್ಚಿತು, ಹುಳುವಿರಬಹುದು, ಜೇಡವಿರಬಹುದು ಎಂದು ಮಲಗಿಬಿಡುವುದು ಪ್ರಾಣಕ್ಕೇ ಎರವಾಗುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ಕಟ್ಟುವುದು. ಈ ಲಕ್ಷಣಗಳನ್ನು ಟರಾಂಟುಲಾ ತರುವುದಿಲ್ಲ. ಕಚ್ಚಿದ್ದು ಏನೆಂದು ತಿಳಿಯದಿದ್ದರೆ ಹಾವೆಂದೇ ತಿಳಿದು, ಕಡಿಸಿಕೊಂಡವರನ್ನು ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಿ. ಹಾವಿನ ವಿಷಕ್ಕೆ ಪ್ರತಿವಿಷವಿದೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಆ ಪ್ರತಿವಿಷ ಜೇಡದ ಕಡಿತಕ್ಕೆ ಕೆಲಸ ಮಾಡದು. ಆದ್ದರಿಂದ ಕಂಡದ್ದನ್ನು ಕಂಡಂತೆ ವೈದ್ಯರಿಗೆ ಹೇಳಿ. ದೂರದಿಂದ ಒಂದು ಫೋಟೊ ತೆಗೆದರೆ ಸಾಕು. ಪ್ರಾಣಿಯನ್ನು ಹಿಡಿಯಲು ಹೋಗಿ ಎರಡನೆಯ ಸಲ ಕಚ್ಚಿಸಿಕೊಳ್ಳಬೇಡಿ.

ಕಾನೂನು ಏನು ಹೇಳುತ್ತದೆ?

ಪೊಯೆಸಿಲೊಥೀರಿಯ ಕುಲವನ್ನೆಲ್ಲ 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿದೆ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇಂಥ ಪಟ್ಟಿಗೆ ಸೇರಿದ ಹೊರದೇಶದ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. 2021ರಲ್ಲಿ ಚೆನ್ನೈಗೆ ಪೋಲೆಂಡಿನಿಂದ ಬಂದ ಒಂದು ಅಂಚೆ ಪೊಟ್ಟಣದಲ್ಲಿ ಸಣ್ಣ ಸೀಸೆಗಳಲ್ಲಿಟ್ಟ 107 ಜೀವಂತ ಜೇಡಗಳು ಸಿಕ್ಕಿದ್ದವು. ಸುಂಕದ ಅಧಿಕಾರಿಗಳು ಅವನ್ನು ವಶಪಡಿಸಿಕೊಂಡರು. ನಿಮ್ಮ ಹುಣಸೆಮರದ ಪೊಟರೆಯ ಜೇಡಕ್ಕೆ ಯಾರಾದರೂ ಹಣ ಕೊಡುತ್ತೇವೆಂದು ಬಂದರೆ ಒಪ್ಪಬೇಡಿ.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಸುಲಭ. ಬಿಟ್ಟುಹೋದ ಪೆಟ್ಟಿಗೆಗೆ ಕೈ ಹಾಕಿದರೆ ಕಡಿತದ ಭಯ. ಕೊಂದರೆ, ಕಾನೂನಿನ ಪಟ್ಟಿಯಲ್ಲಿರುವ ಜೀವಿಯನ್ನು ಕೊಂದಂತಾಗಬಹುದು. ತೋಟಕ್ಕೆ ಬಿಟ್ಟರೆ ಹೊರನಾಡಿನ ಜೀವಿಯೊಂದನ್ನು ನಾವೇ ನೆಲಕ್ಕೆ ತಂದುಬಿಟ್ಟಂತೆ; ಪಾರ್ಥೇನಿಯಂ ಕಳೆಯಿಂದ ನಾವು ಪಟ್ಟ ಪಾಡು ತಮಗೆ ಗೊತ್ತೇ ಇದೆ. ಮುಚ್ಚಳ ಭದ್ರಪಡಿಸಿ, ನೆರಳಲ್ಲಿಟ್ಟು, ಬಾಡಿಗೆದಾರನನ್ನು ಕರೆಸಿ. ಅವನು ಬರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ವಿಸ್ತರಣಾ ಕಾರ್ಯಕರ್ತರು ಊರಿನ ಸಭೆಗಳಲ್ಲಿ, ಮಹಿಳಾ ಸಂಘಗಳಲ್ಲಿ ಈ ವಿಷಯ ತಿಳಿಸಬೇಕೆಂದು ಕೋರುತ್ತೇನೆ. ಉಳಿದದ್ದು ಮರೆತರೂ, ಕಾಣದ ಕಡಿತವನ್ನು ಹಾವಿನ ಕಡಿತವೆಂದೇ ಎಣಿಸಬೇಕೆಂಬ ಒಂದು ಮಾತು ಮನೆಮನೆಗೂ ಮುಟ್ಟಲಿ ಎಂದು ಹೇಳಿ ನನ್ನ ಭಾಷಣ ಮುಗಿಸುತ್ತೇನೆ.