ದವಡೆಯ ಕೀಲು
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ದಂತವೈದ್ಯರಾದ ನಮ್ಮನ್ನು ಕರೆದರೆ ಹಲ್ಲುಜ್ಜುವ ವಿಷಯವನ್ನೇ ಹೇಳಿಯಾರೆಂದು ಮಕ್ಕಳು ಎಣಿಸುವುದು ಸಹಜ. ಇಂದು ನಾವು ಹಲ್ಲನ್ನು ಬಿಟ್ಟು ದವಡೆಯ ಕೀಲಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇವೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿರಿ. ಬೆರಳಿನಡಿಯಲ್ಲಿ ಚಲಿಸುವುದೇ ಆ ಕೀಲು. ಅದು ಬಾಗಿಲಿನ ಬಿಜಾಗರಿಯಂತೆ ತಿರುಗುವುದಲ್ಲದೆ ಮುಂದಕ್ಕೆ ಜಾರುವುದೂ ಉಂಟು. ಎಲುಬುಗಳ ನಡುವೆ ಮೆತ್ತೆಯಂತಹ ಬಿಲ್ಲೆಯೊಂದಿದೆ. ಅದು ತುಸು ಸರಿದರೆ ಬಾಯಿ ತೆರೆಯುವಾಗ ‘ಟಕ್’ ಎಂಬ ಸದ್ದಾಗುತ್ತದೆ. ನೋವಿಲ್ಲದ ಬರಿಯ ಸದ್ದಿಗೆ ಚಿಕಿತ್ಸೆ ಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಬಾಲಕಿಯೊಬ್ಬಳನ್ನು ಆಕೆಯ ತಂದೆ ನಮ್ಮಲ್ಲಿಗೆ ಕರೆತಂದರು. ಕಿವಿನೋವೆಂದು ಕಿವಿಯ ವೈದ್ಯರಿಗೆ ತೋರಿಸಿದ್ದರು, ಕಿವಿಯಲ್ಲಿ ದೋಷವಿರಲಿಲ್ಲ. ಹಲ್ಲುನೋವೆಂದು ಬೇರೊಂದೆಡೆ ದವಡೆಹಲ್ಲೊಂದನ್ನು ಕೀಳಿಸಿದ್ದರು, ನೋವು ಹೋಗಿರಲಿಲ್ಲ. ನಾವು ಕೆನ್ನೆಯ ಸ್ನಾಯುವನ್ನು ಒತ್ತಿದೊಡನೆ ಆಕೆ, “ಇದೇ ನೋವು, ಡಾಕ್ಟರೇ” ಎಂದಳು. ಪರೀಕ್ಷೆಗೆ ಓದುವಾಗ ತನಗರಿಯದೆಯೇ ಹಲ್ಲು ಬಿಗಿಹಿಡಿಯುವ ಅಭ್ಯಾಸ ಆಕೆಗಿತ್ತು. ಅಭ್ಯಾಸ ಬಿಟ್ಟಂತೆ ನೋವು ಬಿಟ್ಟಿತು. ಹೋದ ಹಲ್ಲು ಮಾತ್ರ ಹೋಯಿತು.

ಇಂತಹ ತಪ್ಪಿಗೆ ಹಳೆಯದೊಂದು ಕಾರಣವಿದೆ. 1934ರಲ್ಲಿ ಅಮೆರಿಕದ ಕಿವಿಯ ವೈದ್ಯ ಜೇಮ್ಸ್ ಕಾಸ್ಟೆನ್ ಎಂಬವರು, ಹಿಂದಿನ ಹಲ್ಲುಗಳು ಹೋಗಿ ಕಚ್ಚು ಕೆಟ್ಟುದರಿಂದ ಈ ಕೀಲು ಬಾಧಿತವಾಗಿ ಕಿವಿನೋವು ಬರುವುದೆಂದು ಬರೆದರು. ಆ ಬಳಿಕ ಬಹುಕಾಲ ಹಲ್ಲುಗಳನ್ನು ಅರೆದು ಕಚ್ಚನ್ನು ತಿದ್ದುವುದೇ ಚಿಕಿತ್ಸೆಯೆನಿಸಿತ್ತು. ಕಚ್ಚೇ ಮುಖ್ಯ ಕಾರಣವೆಂಬ ಮಾತು ಮುಂದೆ ನಿಲ್ಲಲಿಲ್ಲ. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ರಮದಂತೆ, ವೈದ್ಯನು ಮೊದಲು ರೋಗಿಯ ಮಾತನ್ನು ಕೇಳಬೇಕು. ಸ್ನಾಯುವನ್ನೂ ಕೀಲನ್ನೂ ಒತ್ತಿ ನೋಡಬೇಕು. ಬಾಯಿ ಎಷ್ಟು ತೆರೆಯುವುದೆಂದು ಅಳೆಯಬೇಕು. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 40 ಮಿಲಿಮೀಟರು ಅಥವಾ ಹೆಚ್ಚು. ಅವರವರ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿಟ್ಟಷ್ಟು.

ಚಿಕಿತ್ಸೆಯ ಬಹುಪಾಲು ಮನೆಯಲ್ಲಿಯೇ ಇದೆ. ತುಟಿ ಮುಚ್ಚಿರಲಿ, ಹಲ್ಲುಗಳು ತಾಗದಿರಲಿ. ಕೆಲವು ವಾರ ಮೆತ್ತಗಿನ ಆಹಾರ ಸೇವಿಸಿರಿ, ಚಕ್ಕುಲಿಯನ್ನು ದೂರವಿಡಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹದವಾದ ಶಾಖ ಕೊಡಿರಿ. ಆಕಳಿಸುವಾಗ ಗಲ್ಲಕ್ಕೆ ಕೈಯಾನಿಸಿರಿ. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ವೈದ್ಯರು ಹಲ್ಲಿನ ಮೇಲೆ ಕೂರುವ ಕವಚವನ್ನು ಮಾಡಿಕೊಡಬಹುದು. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣವಾಗುತ್ತದೆ. ಕೀಲಿನ ನೋವೊಂದಕ್ಕಾಗಿಯೇ ಹಲ್ಲು ಕೀಳುವ, ಅರೆಯುವ ಮಾತು ಬಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿರಿ. ತೆರೆದ ಬಾಯಿ ಮುಚ್ಚಲಾಗದಿದ್ದರೆ, ಗಲ್ಲಕ್ಕೆ ಪೆಟ್ಟು ಬಿದ್ದಿದ್ದರೆ, ಜ್ವರವೂ ಬಾವೂ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಕೊನೆಯದಾಗಿ ಒಂದು ಕಹಿ ಮಾತು. ನಮ್ಮ ಕಾಸರಗೋಡಿನಲ್ಲಿ ಎಷ್ಟೋ ಮನೆಗಳ ಅನ್ನ ಅಡಿಕೆತೋಟದಿಂದ ಬರುತ್ತದೆ. ಆದರೂ ಹೇಳದಿರಲಾರೆವು: ಅಡಿಕೆ ಜಗಿಯುವವರ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದು, ಖಾರ ತಾಗಿದರೆ ಉರಿಯುತ್ತಿದ್ದರೆ ಅದು ಕೀಲಿನ ರೋಗವಲ್ಲ, ಕೆನ್ನೆಯ ಒಳಪೊರೆಯೇ ಗಡುಸಾಗುತ್ತಿರುವ ಲಕ್ಷಣ. ಗಡುಸಾದ ಪೊರೆ ಮೊದಲಿನಂತಾಗುವುದಿಲ್ಲ. ಅದು ಕ್ಯಾನ್ಸರಿಗೂ ತಿರುಗಬಹುದು. ಅಡಿಕೆಯನ್ನು ಬೆಳೆಯುವ ಕೈಗಳಿಗೆ ನಮ್ಮ ವಂದನೆ. ಅದು ಮಕ್ಕಳ ಬಾಯಿಗೆ ಹೋಗದಿರಲೆಂಬುದು ನಮ್ಮ ಪ್ರಾರ್ಥನೆ. ಮಕ್ಕಳೇ, ಇಂದು ರಾತ್ರಿ ಮನೆಯವರೆಲ್ಲರ ಬಾಯಿಯನ್ನು ಮೂರು ಬೆರಳುಗಳಿಂದ ಅಳೆಯಿಸಿರಿ. ಮೂರು ಹಿಡಿಸದವರನ್ನು ವೈದ್ಯರಲ್ಲಿಗೆ ಕರೆತನ್ನಿರಿ.