ಹುಳಿಹಿಟ್ಟಿನ ಗುಣವೂ ಮೈಗೆ ಹಚ್ಚುವ ಕ್ರೀಮೂ



ಆಹಾರವನ್ನು ಕೆಡದಂತೆ ಕಾಪಾಡುವ ವಿದ್ಯೆಯು ಉಡುಪಿ ಜಿಲ್ಲೆಯ ಮನೆಗಳಿಗೆ ಹೊಸದಲ್ಲ. ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯು ಆಟಿಯ ಮಳೆಗೆ ಒದಗುತ್ತದೆ. ರಾತ್ರಿ ಅರೆದಿಟ್ಟ ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವುದೇ ಈ ಹುಳಿಗೆ ಕಾರಣವಾಗಿದೆ. ಆ ಹುಳಿಯಲ್ಲಿ ರೋಗಕಾರಕ ಜೀವಿಗಳು ಸುಲಭವಾಗಿ ಬೆಳೆಯಲಾರವು.

ಇದೇ ತತ್ತ್ವವನ್ನು ಈಗ ಮೈಗೆ ಹಚ್ಚುವ ಕ್ರೀಮುಗಳಲ್ಲಿಯೂ ಬಳಸಲಾಗುತ್ತಿದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಜೀವಿಗಳಲ್ಲಿ ಲ್ಯುಕೊನೋಸ್ಟಾಕ್ ಎಂಬುದೊಂದು. ಅದೇ ಕುಲದ ಜೀವಿಯಿಂದ ಮೂಲಂಗಿಯನ್ನು ಹುಳಿಯಾಗಿಸಿ, ಶೋಧಿಸಿ ತೆಗೆದ ದ್ರವವನ್ನು ಕೆಲವು ಕ್ರೀಮುಗಳಿಗೆ ಸಂರಕ್ಷಕವಾಗಿ ಸೇರಿಸುತ್ತಾರೆ. ಇಂತಹವುಗಳ ಮೇಲೆ "ನೈಸರ್ಗಿಕ", "ಪ್ಯಾರಾಬೆನ್ ರಹಿತ" ಎಂದು ಬರೆದಿರುವುದುಂಟು. ಬಸುರಿಯರಿಗೂ ಕೂಸುಗಳಿಗೂ ಇವೇ ಕ್ಷೇಮವೆಂದು ಹಲವರು ನಂಬಿದ್ದಾರೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ತಿಳಿಯತಕ್ಕದ್ದು. ಉಪ್ಪಿನಕಾಯಿ ಭರಣಿಯನ್ನು ಕಾಯುವುದು ಬರಿಯ ಹುಳಿಯಲ್ಲ, ಹುಳಿ ಮತ್ತು ಉಪ್ಪು ಎರಡೂ ಕೂಡಿ. ಕ್ರೀಮಿನಲ್ಲಿ ಅಷ್ಟು ಹುಳಿಯನ್ನಾಗಲಿ ಉಪ್ಪನ್ನಾಗಲಿ ಇಡುವಂತಿಲ್ಲ; ಇಟ್ಟರೆ ಚರ್ಮ ಉರಿಯುತ್ತದೆ. ಹುಳಿ ಕಡಿಮೆಯಾದಷ್ಟೂ ಲ್ಯಾಕ್ಟಿಕ್ ಆಮ್ಲದ ಕಾಯುವ ಶಕ್ತಿಯೂ ಕುಂದುತ್ತದೆ. ಸೂಕ್ಷ್ಮಜೀವಿಗಳಿಂದಲೇ ದೊರೆಯುವ ನೈಸಿನ್ ಎಂಬ ಇನ್ನೊಂದು ಸಂರಕ್ಷಕವು ಕೆಲವು ಬ್ಯಾಕ್ಟೀರಿಯಾಗಳನ್ನು ತಡೆದರೂ, ನೀರಿನಲ್ಲಿ ವಾಸಿಸುವ ಸೂಡೋಮೊನಾಸ್‌ನ ಮೇಲೆ ಅದರ ಪ್ರಭಾವ ಅತ್ಯಲ್ಪ. ಆದುದರಿಂದ ನೈಸರ್ಗಿಕವೆಂದ ಮಾತ್ರಕ್ಕೆ ಅದು ಕೆಡದೆಂದು ತಿಳಿಯಬಾರದು. ನೀರಿನ ಅಂಶವಿರುವ ಕ್ರೀಮಿಗೆ ಪರೀಕ್ಷಿಸಿ ನೋಡಿದ ಸಂರಕ್ಷಕವು ಅವಶ್ಯ. ಅದು ಹುಳಿಯಿಂದ ಬಂದುದೋ ಕಾರ್ಖಾನೆಯಿಂದ ಬಂದುದೋ ಎಂಬುದು ಅನಂತರದ ಪ್ರಶ್ನೆ. ನೀರಿಲ್ಲದ ಶುದ್ಧ ತೆಂಗಿನೆಣ್ಣೆಯಲ್ಲಿ ಈ ಜೀವಿಗಳು ಬೆಳೆಯುವುದಿಲ್ಲ.

ಕಾಪುವಿನ ಕಡಲ ತೀರವಾಗಲಿ ಕಾರ್ಕಳದ ಘಟ್ಟದ ಬದಿಯಾಗಲಿ, ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಬೇಗನೆ ಹಿಡಿಯುತ್ತದೆ. ಆದ ಕಾರಣ ಈ ನಿಯಮಗಳನ್ನು ಪಾಲಿಸಿರಿ:

1. ಉಡುಪಿ, ಮಣಿಪಾಲದ ಪೇಟೆಯಲ್ಲಿ ಕೊಳ್ಳಿರಿ, ಫೋನಿನಲ್ಲಿ ತರಿಸಿರಿ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನಾಂಕ ಇಲ್ಲದ ಡಬ್ಬಿಯನ್ನು ಬಳಸಬೇಡಿರಿ.

2. ಉಪ್ಪಿನಕಾಯಿ ಭರಣಿಗೆ ಒದ್ದೆ ಕೈ ಹಾಕದಂತೆಯೇ ಕ್ರೀಮಿನ ಡಬ್ಬಿಗೂ ಹಾಕಬೇಡಿರಿ. ನೀರು ಬೆರೆಸಬೇಡಿರಿ. ಚಿಕ್ಕ ಟ್ಯೂಬು ಉತ್ತಮ.

3. ವಾಸನೆ, ಬಣ್ಣ ಬದಲಾದರೆ ಬೆಲೆ ಎಷ್ಟೇ ಇರಲಿ, ಎಸೆದುಬಿಡಿರಿ. ಬದಲಾಗದಿದ್ದರೂ ಸೂಕ್ಷ್ಮಜೀವಿಗಳು ಇರಬಹುದಾದುದರಿಂದ ದಿನಾಂಕವನ್ನು ಮೀರಬೇಡಿರಿ.

4. ಲೋಳೆಸರದ ತಿರುಳನ್ನೋ ಮೊಸರನ್ನೋ ಕಲಸಿ ಮನೆಯಲ್ಲಿಯೇ ಕ್ರೀಮು ಮಾಡಿ ದಿನಗಟ್ಟಲೆ ಇಡಬೇಡಿರಿ.

ಎಳೆಗೂಸಿನ ಚರ್ಮವು ತೆಳುವಾದುದು, ಅದರ ರಕ್ಷಣಾ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೊಕ್ಕುಳಬಳ್ಳಿಗೆ ಕ್ರೀಮು, ಎಣ್ಣೆ, ಅರಿಶಿನ, ಬೂದಿ ಯಾವುದನ್ನೂ ಹಚ್ಚಕೂಡದು. ಶುಚಿಯಾಗಿ, ಒಣಗಿರುವಂತೆ ಬಿಟ್ಟರೆ ಸಾಕು. ಬಾಣಂತಿಯ ಮೊಲೆತೊಟ್ಟು ಬಿರಿದಿದ್ದರೆ, ಮಗು ಸರಿಯಾಗಿ ಬಾಯಿ ತುಂಬ ಮೊಲೆ ಹಿಡಿದಿದೆಯೇ ಎಂದು ಮೊದಲು ನೋಡಿರಿ. ಹಾಲೂಡಿಸಿದ ಮೇಲೆ ಎದೆಹಾಲಿನ ಕೆಲವು ಹನಿಗಳನ್ನೇ ಸವರಿ ಗಾಳಿಗೆ ಆರಲು ಬಿಡಿರಿ.

ಮಗುವಿನ ಮೈಮೇಲೆ ಕೀವುಗುಳ್ಳೆ, ಹೊಕ್ಕುಳ ಸುತ್ತ ಕೆಂಪು, ಜ್ವರ, ಹಾಲು ಕುಡಿಯಲು ನಿರಾಕರಣೆ, ಇಲ್ಲವೆ ತಾಯಿಯ ಎದೆಯಲ್ಲಿ ಬಾವು ಕಂಡರೆ ಹೊಸ ಕ್ರೀಮು ತರುವುದರಲ್ಲಿ ಕಾಲ ಕಳೆಯಬೇಡಿರಿ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಬಳಸಿದ ಡಬ್ಬಿಯನ್ನೂ ಜೊತೆಯಲ್ಲಿ ತನ್ನಿರಿ. ಬಾಣಂತಿಯು ಒಬ್ಬಳೇ ಬರಲಾರಳು. ಆಕೆಯನ್ನೂ ಮಗುವನ್ನೂ ತಡಮಾಡದೆ ಕರೆತರುವುದು ಪತಿಯಾದವನ ಕರ್ತವ್ಯವಾಗಿದೆ.